ವರಸೆ ತಪ್ಪಿದ ಮಾತು

ಏಪ್ರಿಲ್ 11, ಶುಕ್ರವಾರ. ಮಳವಳ್ಳಿ

ನಮ್ಮ ಕಡೆ ಡೈರಿ ಎಂದರೆ ಹಾಲು ಹಾಕುವ ಜಾಗ. ಬರೆಯುವ ಡೈರಿಯೂ ಒಂದಿದೆ ಎಂದು ತಿಳಿದದ್ದು ಪಿಯುಸಿಯಲ್ಲಿ, ಬರೆಯುವ ಮನಸ್ಸು ಬಂದದ್ದು ಇವತ್ತು. ದೊಡ್ಡ ಮಗಳು ದೀಪಿಕಳ ಎಂಟನೇ ತರಗತಿಯ ಸಮಾಜ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿವೆ. ಬಾಯಲ್ಲಿ ಬೈದು ಬೈದು ನನಗೆ ಗಂಟಲು ಕಟ್ಟಿದೆ, ಕೇಳಿಸಿಕೊಂಡವರು ಒಬ್ಬರೂ ಇಲ್ಲ. ಇನ್ನು ಮೇಲೆ ಇದರಲ್ಲೇ ಬೈಯುವುದು.

ಬೆಳಿಗ್ಗೆ ಬೆಸಗರಹಳ್ಳಿಯಿಂದ ಅವ್ವ ಬಂದಳು. ಮಾಯಮ್ಮ ಬಂದಳೆಂದರೆ ನಮ್ಮ ಮನೆಯ ಯಜಮಾನಿಕೆ ಬಾಗಿಲಲ್ಲೇ ಕೈ ಬದಲಾಗುತ್ತದೆ. ಚೀಲ ಇಳಿಸುವ ಮೊದಲೇ ತೀರ್ಪು ಕೊಟ್ಟಳು: ಮಕ್ಕಳಿಗೆ ರಜೆ ಬಂತು, ಎಲ್ಲರೂ ಕೋಟಗಿರಿಗೆ ಹೊರಡಬೇಕು. ಅಲ್ಲಿ ನನ್ನ ತಮ್ಮ ಸ್ವರೂಪ್ ಎರಡು ವರ್ಷದಿಂದ ಸಸಿ ಬೆಳೆಸುವ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಬೆಟ್ಟದ ಮೇಲಿನ ಊರು, ಬೇಸಿಗೆಯಲ್ಲೂ ಕಂಬಳಿ ಹೊದೆಯಬೇಕಂತೆ. ಮದುವೆಯ ಕಾಲ, ಎಂಟು ರವಿಕೆ ಹೊಲಿಯಲು ಬಾಕಿ ಇವೆ ಎಂದೆ. ಮಿಷನ್ ಏನು ಓಡಿಹೋಗುತ್ತದಾ ಎಂದಳು.

ಎಂಟು ವರ್ಷದ ರಂಜಿತ ಕುಣಿದಾಡಿದಳು. ದೀಪಿಕ ಮಾತ್ರ, ನಾನು ಬರುವುದಿಲ್ಲ, ಅಷ್ಟೇ ಎಂದಳು. ಯಾಕೆ ಎಂದರೆ ಬಾಯಿಗೆ ಬೀಗ. ಹದಿನಾಲ್ಕು ವರ್ಷಕ್ಕೇ ಈ ಗತ್ತು. ಅವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಗಂಡನ್ ಮನೆಗೆ ಓಗಕ್ಕೆ ನಾಚ್ಕೆ ಕಣ್ ಬುಡು ಅದ್ಕೆ" ಎಂದಳು. ಎಲ್ಲರೂ ನಕ್ಕರು. ಸ್ವರೂಪ ದೀಪಿಕಳಿಗೆ ಸೋದರಮಾವ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದುಂಟು. ಯಾಕೆ, ನಾನೇ ಇಲ್ಲವಾ? ನನ್ನ ಗಂಡ ಚಲುವರಾಜು ಅವ್ವನ ಒಡಹುಟ್ಟಿದ ತಮ್ಮ. ತೊದಲು ನುಡಿಯುವಾಗಿನಿಂದ ಮಾವ ಎನ್ನುತ್ತಿದ್ದೆ, ತಾಳಿ ಕಟ್ಟಿದ ಮೇಲೂ ಮಾವ ಎಂದೇ ಕರೆಯುತ್ತೇನೆ. ಹಾಗಾಗಿ ಈ ತಮಾಷೆ ನಮ್ಮ ಮನೆಗೆ ಹೊಸದಲ್ಲ. ನಾನೂ ನಕ್ಕೆ.

ದೀಪಿಕ ತಟ್ಟೆ ಬಿಟ್ಟು ಎದ್ದು ಹೋದಳು. ಅನ್ನದ ಮೇಲೆ ಕೋಪ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಏಪ್ರಿಲ್ 16, ಬುಧವಾರ. ಕೋಟಗಿರಿ

ಬಂದು ಮುಟ್ಟಿದೆವು. ಮಾವ ಲೈನ್‌ಮನ್ ಕೆಲಸಕ್ಕೆ ಹದಿನೈದು ದಿನ ರಜೆ ಹಾಕಿ, ಸ್ನೇಹಿತರ ಕಾರು ಕೇಳಿ ತಂದಿದ್ದರು. ಬೆಟ್ಟ ಹತ್ತಬೇಕಾದರೆ ಇ-ಪಾಸ್ ಬೇಕು ಎಂದು ಮೂರು ದಿನದಿಂದ ಬಡಿದುಕೊಂಡಿದ್ದೆ. ಗಂಡಸರಿಗೆ ಹೆಂಗಸಿನ ಮಾತು ಚೆಕ್‌ಪೋಸ್ಟ್ ಹತ್ತಿರ ಬಂದ ಮೇಲೇ ಅರ್ಥವಾಗುವುದು. ಅಲ್ಲೇ ನಿಂತು, ಸಿಗ್ನಲ್ ಸಿಗದೆ, ದೀಪಿಕಳ ಕೈಯಲ್ಲಿ ಮಾಡಿಸಿದ್ದಾಯಿತು. ಪ್ಲಾಸ್ಟಿಕ್ ಬಾಟಲಿ ಒಳಗೆ ಬಿಡುವುದಿಲ್ಲ ಎಂದು ಅವ್ವನ ಮಜ್ಜಿಗೆ ಬಾಟಲಿ ಇಸಿದುಕೊಂಡರು. ಅವ್ವ ಅವರಿಗೆ ಕನ್ನಡದಲ್ಲಿ ಬೈದಳು, ಅವರು ತಮಿಳಿನಲ್ಲಿ ನಕ್ಕರು. ತಿರುವುಗಳಲ್ಲಿ ರಂಜಿತ ಮೂರು ಸಲ ವಾಂತಿ ಮಾಡಿದಳು, ಎರಡು ಸಲ ನನ್ನ ಸೀರೆಯ ಮೇಲೆ.

ಸ್ವರೂಪ ರಸ್ತೆಯವರೆಗೂ ಬಂದು ಚೀಲಗಳನ್ನು ಎತ್ತಿಕೊಂಡ. ಸಣ್ಣಗಾಗಿದ್ದಾನೆ. "ಏನೇ ದೀಪಿ, ಮಾತಿಲ್ವಾ?" ಎಂದು ದೀಪಿಕಳ ಜಡೆ ಎಳೆಯಲು ಕೈ ಚಾಚಿದವನು ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಅವನನ್ನು ಸುತ್ತಿ ಹಾದು ಒಳಗೆ ಹೋದಳು. ಒಂದು "ಮಾವ" ಎನ್ನುವುದಕ್ಕೆ ಏನು ಬಂದಿತ್ತು ಇವಳಿಗೆ? ಊಟ ಹಾಕುವವನ ಮನೆಯಲ್ಲಿ ನಡೆದುಕೊಳ್ಳುವ ರೀತಿಯಾ ಇದು?

ಏಪ್ರಿಲ್ 18, ಶುಕ್ರವಾರ

ಇವತ್ತು ಮಗಳಿಗೆ ಹೊಡೆದೆ.

ಎರಡು ಕೋಣೆಯ ಮನೆ, ಮುಂದೆ ಟೀ ತೋಟದ ಇಳಿಜಾರು, ಮಧ್ಯಾಹ್ನಕ್ಕೇ ಮಂಜು. ಅವ್ವ ಊರಿಂದ ಹೊತ್ತು ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ, ಉಪ್ಸಾರು ಮಾಡಿ, ಎಲ್ಲರೂ ಸಾಲಾಗಿ ಕೂತಿದ್ದೆವು. ಅವ್ವ ಎಂದಿನಂತೆ, ಲೇ ದೀಪಿ, ನಿನ್ನ ಗಂಡನಿಗೆ ನೀರು ಕೊಡು ಎಂದಳು. ದೀಪಿಕ ಎದ್ದಳು, ಲೋಟ ತುಂಬಿಸಿದಳು, ಸ್ವರೂಪನ ಮುಂದೆ ಹಿಡಿದು ನಿಚ್ಚಳವಾಗಿ ಹೇಳಿದಳು:

"ಅಣ್ಣ, ನೀರು."

ಮಾವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಸ್ವರೂಪ ಏನೋ ಹೇಳಲು ಹೋಗಿ ಕೆಮ್ಮಿದ. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮಾವನ್ನ ಅಣ್ಣ ಅಂತಾರೇನೇ? ವರ್ಸೆ ಕೆಡುಸ್ಬುಡ್ತೀಯಾ?"

ಯಾರು ಯಾರಿಗೆ ಏನಾಗಬೇಕು, ಯಾರನ್ನು ಏನೆಂದು ಕರೆಯಬೇಕು, ಯಾರಿಗೆ ಹೆಣ್ಣು ಕೊಡಬಹುದು, ಯಾರಿಗೆ ಕೊಡಬಾರದು, ಇದೆಲ್ಲ ಸೇರಿದ್ದೇ ವರಸೆ. ನಮ್ಮವರು ಜಮೀನಿನ ಬದು ಒತ್ತಿದರೂ ಸುಮ್ಮನಿರುತ್ತಾರೆ, ವರಸೆ ಮುಟ್ಟಿದರೆ ಬಿಡುವುದಿಲ್ಲ. ಅಣ್ಣ ಎಂದು ಬಾಯಿಬಿಟ್ಟು ಕರೆದವನಿಗೆ ಹೆಣ್ಣು ಕೊಡುವ ಮಾತೇ ಇಲ್ಲ. ಅದು ಈ ಹುಡುಗಿಗೆ ಗೊತ್ತಿಲ್ಲದೆ ಅಲ್ಲ. ಮಾವ ಅನ್ನು ಎಂದೆ. ಅವಳು ನನ್ನನ್ನೇ ನೋಡಿಕೊಂಡು ಇನ್ನೊಮ್ಮೆ ಅಣ್ಣ ಎಂದಳು. ಕೆನ್ನೆಗೆ ಬಿಟ್ಟೆ.

ಬೆಳೆದ ಮಗಳು. ಹೊಡೆಯಬಾರದಿತ್ತು ಎಂದು ಅನ್ನಿಸಿಲ್ಲ. ಅಜ್ಜಿಯ ಮುಂದೆ, ಅಪ್ಪನ ಮುಂದೆ ಬೇಕೆಂದೇ ಮಾಡಿದಳು.

ಏಪ್ರಿಲ್ 19, ಶನಿವಾರ

ಇವತ್ತೂ ಅಣ್ಣ ಎಂದಳು. ಎರಡು ಸಲ.

ಏಪ್ರಿಲ್ 21, ಸೋಮವಾರ

ಚಳಿಯಲ್ಲಿ ಬಟ್ಟೆ ಒಣಗುವುದಿಲ್ಲ. ನಾಲ್ಕು ದಿನದ ಬಟ್ಟೆ ಹಗ್ಗದ ಮೇಲೆ ಹಾಗೇ ಜೋತುಬಿದ್ದಿವೆ. ಬೆಟ್ಟ ನೋಡಲು ಬಂದವಳಿಗೆ ನೋಡಲು ಸಿಕ್ಕಿದ್ದು ಪಾತ್ರೆ ಮತ್ತು ಹಗ್ಗ. ಮಿಕ್ಕವರೆಲ್ಲ ಜಲಪಾತಕ್ಕೆ ಹೋಗಿದ್ದರು, ದೀಪಿಕ ತಲೆನೋವು ಎಂದು ಉಳಿದುಕೊಂಡಿದ್ದಳು. ಅವಳನ್ನು ಹಗ್ಗದ ಹತ್ತಿರ ಹಿಡಿದೆ.

ಈ ಸ್ವರೂಪನೇ ಅವಳಿಗೆ ಸೈಕಲ್ ಕಲಿಸಿದವನು. ಲೆಕ್ಕ ಬಿಡಿಸಲು ಬರದಿದ್ದರೆ ದಿನಕ್ಕೆ ಹತ್ತು ಸಲ ಅವನಿಗೇ ಫೋನು, ಮಾವ ಹಾಗೆ, ಮಾವ ಹೀಗೆ. ಜನವರಿಯಲ್ಲಿ ಅವಳು ದೊಡ್ಡವಳಾದಾಗ ಸೋದರಮಾವನ ಹಕ್ಕು ಎಂದು ಅವನೇ ಬಂದು ತೆಂಗಿನ ಗರಿಯ ಗುಡ್ಲು ಹಾಕಿದ. ಬಂದ ಹೆಂಗಸರೆಲ್ಲ, ಗುಡ್ಲು ಹಾಕಿದವನೇ ಕರೆದುಕೊಂಡು ಹೋಗಬೇಕು ಎಂದು ಅವನನ್ನೂ ಅವಳನ್ನೂ ಸೇರಿಸಿ ಛೇಡಿಸಿದರು. ಛೇಡಿಸುವುದು ಪದ್ಧತಿ. ಆಮೇಲಿಂದ ಅವಳು ಅವನಿಗೆ ಫೋನು ಮಾಡಿದ್ದನ್ನು ನಾನು ಕಂಡಿಲ್ಲ. ಲೆಕ್ಕದಲ್ಲಿ ಈ ಸಲ ನಲವತ್ತೊಂದು.

ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿದೆ. ಒದ್ದೆ ಲಂಗದ ಅಂಚು ಹಿಂಡುತ್ತಾ ಹೇಳಿದಳು: "ಮೊದ್ಲು ಮಾವ ಅಂದ್ರೆ ಬರೀ ಮಾವ ಆಗಿತ್ತಮ್ಮ. ಈಗ ಮಾವ ಅಂದ ತಕ್ಷಣ ಎಲ್ರೂ ನಗ್ತಾರೆ. ನಂಗೆ ಮೈ ಮುದುರ್ಕೊಳ್ಳುತ್ತೆ. ನಾನೇನಂತ ಕರೀಲಿ, ನೀನೇ ಹೇಳು."

ತಮಾಷೆಗೆ ಅಂದರೆ ಸತ್ತುಹೋಗುತ್ತೀಯಾ ಎಂದೆ.

"ನೀನೂ ನಗ್ತೀಯ" ಎಂದಳು.

ಎಷ್ಟು ಧೈರ್ಯ. ನನ್ನ ಅವ್ವನಿಗೆ ನಾನು ಯಾವತ್ತಾದರೂ ಹೀಗೆ ಎದುರು ಮಾತಾಡಿದ್ದೆನಾ? ನನ್ನನ್ನೂ ಹೀಗೇ ಛೇಡಿಸುತ್ತಿದ್ದರು. ನಾನು ಕದದ ಹಿಂದೆ ಹೋಗಿ ನಿಲ್ಲುತ್ತಿದ್ದೆ, ನಾಚಿಕೆ ಎಂದು ಅವರು ಇನ್ನೂ ನಗುತ್ತಿದ್ದರು. ನಾಚಿಕೆಯೇ ಇದ್ದಿರಬೇಕು. ಈಗ ಯಾರಿಗೆ ನೆನಪಿದೆ.

ಏಪ್ರಿಲ್ 24, ಗುರುವಾರ

ಪೆನ್ನು ಒತ್ತಿ ಒತ್ತಿ ಹಾಳೆ ತೂತಾಗುತ್ತಿದೆ.

ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಅವ್ವ ಮೆಲ್ಲಗೆ ತೆಗೆದಳು. ಸ್ವರೂಪನಿಗೆ ಇಪ್ಪತ್ತೈದು ತುಂಬಿತು. ಮೂರು ಕಡೆ ಹೆಣ್ಣು ಕೇಳಿದ್ದಾಯಿತು, ಮೂರೂ ಕಡೆ ಇಲ್ಲವೆಂದರು. ಮಣ್ಣು ಮುಟ್ಟುವ ಕೆಲಸದವನಿಗೆ ಕೊಡುವುದಿಲ್ಲ, ಬೆಟ್ಟದ ಮೇಲೆ ಕಳಿಸುವುದಿಲ್ಲ ಎಂದರಂತೆ. ನಮ್ಮ ಜಿಲ್ಲೆಯಲ್ಲಿ ಹೆಣ್ಣು ಸಿಗದೆ ಮೂವತ್ತು ದಾಟಿದ ಗಂಡಸರು ಬೀದಿಗಿಬ್ಬರು ಇದ್ದಾರೆ. ಅದೆಲ್ಲ ನಿಜ. ಅವ್ವ ಹಗಲೆಲ್ಲ ಅದನ್ನೇ ಯೋಚಿಸಿ ಕೊರಗುವುದೂ ನಿಜ. ಅದಕ್ಕೆ ಪರಿಹಾರ ಏನಂತೆ? ಊರಿಗೆ ಹೋದ ಮೇಲೆ ದೊಡ್ಡಪ್ಪ ಚಿಕ್ಕಬೋರಯ್ಯನನ್ನು ಕರೆಸಿ, ಎಲೆ ಅಡಿಕೆ ತೆಂಗಿನಕಾಯಿ ಇಟ್ಟು, ದೀಪಿಕಳನ್ನು ಸ್ವರೂಪನಿಗೆ ಎಂದು ಮಾತು ಆಡಿಬಿಡುವುದಂತೆ. ಮದುವೆ ಹದಿನೆಂಟು ತುಂಬಿದ ಮೇಲೆ. ಈಗ ಬರೀ ಮಾತು.

ಹೊರಗಿನ ಹೆಣ್ಣು ಸಿಗುವವರೆಗೆ ನನ್ನ ಮಗಳನ್ನು ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ಎತ್ತಿಡುವುದು! ಇಷ್ಟು ದಿನ ತಮಾಷೆ ತಮಾಷೆ ಎಂದು ಹೇಳುತ್ತಾ, ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ಆ ತಮಾಷೆಗೆ ನಾನು ನಕ್ಕೆ, ಅದು ಕಡಿಮೆಯಾಯಿತು ಎಂದು ಮಗಳ ಕೆನ್ನೆಗೂ ಬಿಟ್ಟೆ.

ಮಾವನಿಗೆ ಹೇಳಿದೆ. ಅವರು ಕಂಬಳಿ ಹೊದ್ದು ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು. ಅಕ್ಕ ಹೇಳಿದ್ದರಲ್ಲಿ ತಪ್ಪೇನು ಎಂದರು. "ನಮ್ದೂ ಅಂಗೇ ಅಲ್ವಾ ಆಗಿದ್ದು? ಈಗೇನ್ ಕೆಟ್ಟೋಗಿದ್ದೀವಾ?"

ಕೆಟ್ಟುಹೋಗಿಲ್ಲ. ಕುಡಿಯುವವರಲ್ಲ, ಕೈ ಎತ್ತಿದವರಲ್ಲ. ಪಿಯುಸಿ ಫಸ್ಟ್ ಕ್ಲಾಸ್ ಬಂದಾಗ ಟೀಚರ್ ಟ್ರೈನಿಂಗ್ ಅರ್ಜಿಗೆ ಫೋಟೋ ಅಂಟಿಸಿ ಇಟ್ಟಿದ್ದೆ. ಅವ್ವ ಆ ಫೋಟೋ ಕಿತ್ತು ಮದುವೆ ಪತ್ರಿಕೆ ಮಾಡಿಸಲು ಕೊಟ್ಟಳು. ಒಳ್ಳೆ ಕಡೆ ಸೇರುತ್ತಿದ್ದೀಯ, ಗೊತ್ತಿರುವವನು ಎಂದರು ಎಲ್ಲರೂ. ಗೊತ್ತಿರುವವನೇ. ಎತ್ತಿ ಆಡಿಸಿದವನು. ಅವನು ಬೇಕಾ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಹದಿನಾರು ವರ್ಷವಾಯಿತು. ಈಗ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ. ವಿಷಯ ದೀಪಿಕಳದ್ದು.

ಏಪ್ರಿಲ್ 26, ಶನಿವಾರ

ನರ್ಸರಿಗೇ ಹೋದೆ. ಹಸಿರು ಪರದೆಯ ಕೆಳಗೆ ಸ್ವರೂಪ ಕೋಸಿನ ಸಸಿಯ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದ. ನಿನಗೆ ದೀಪಿಕಳನ್ನು ಮಾಡಿಕೊಳ್ಳುವ ಮನಸ್ಸಿದೆಯಾ ಎಂದು ನೇರವಾಗಿ ಕೇಳಿದೆ. ಮುಖ ಕೆಂಪಾಯಿತು. "ಥೂ, ಏನಕ್ಕಾ ನೀನು. ನಾನ್ ಎತ್ತಾಡ್ಸಿದ್ ಕೂಸು ಅದು" ಎಂದ. ಹಾಗಾದರೆ ಅದನ್ನೇ ಅವ್ವನ ಮುಂದೆ ಹೇಳು ಎಂದೆ. ನೀರಿನ ಪೈಪು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಅವ್ವ ಅಳ್ತಾಳೆ ಕಣಕ್ಕ. ಇನ್ನೂ ನಾಕ್ ವರ್ಸ ಅದಲ್ಲ, ಆಮೇಲ್ ನೋಡುಮ ಬುಡು."

ಬುಡು! ಆ ನಾಲ್ಕು ವರ್ಷ ನನ್ನ ಮಗಳು ತಲೆ ತಗ್ಗಿಸಿಕೊಂಡು ಓಡಾಡಬೇಕು, ಇವನಿಗೆ ಅವ್ವನ ಕಣ್ಣೀರು ಒರೆಸುವುದು ತಪ್ಪಬೇಕು. ಒಳ್ಳೆಯ ಹುಡುಗ ಒಳ್ಳೆಯ ಹುಡುಗ ಎಂದು ನಾವೇ ಹೊಗಳಿ ಹೊಗಳಿ ಇವನ ಬೆನ್ನುಮೂಳೆ ತೆಗೆದಿದ್ದೇವೆ. ಬಾಯಿಗೆ ಬಂದದ್ದು ಬೈದು ಬಂದೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರಿಗೆ ಭಾಷೆ ಬರದಿದ್ದರೂ ಎಲ್ಲ ಅರ್ಥವಾಯಿತು.

ಏಪ್ರಿಲ್ 27, ಭಾನುವಾರ

ಊಟಕ್ಕೆ ಕೂತಾಗ ರಂಜಿತ ಕೇಳಿದಳು: "ಅಕ್ಕ ಮಾವನ್ನ ಮದ್ವೆ ಆದ್ರೆ ನಾನ್ ಯಾರನ್ನ ಆಗ್ಬೇಕು? ನಮಗೆ ಒಬ್ನೇ ಮಾವ ಅಲ್ವಾ?"

ಅವ್ವ ಬಿದ್ದು ಬಿದ್ದು ನಕ್ಕಳು. ದೀಪಿಕಳ ಅಪ್ಪ ನಕ್ಕ. ಸ್ವರೂಪ ತಟ್ಟೆ ನೋಡುತ್ತಾ ಹಲ್ಲು ಕಿರಿದ. ನಾನು ಒಲೆಯ ಮೇಲಿನ ಎಸರು ಇಳಿಸಿ ಹೊರಗೆ ಹೋದೆ. ಅಲ್ಲಿ ದೀಪಿಕ ಮೊದಲೇ ನಿಂತಿದ್ದಳು. ಮಂಜು ಇತ್ತು, ಎದುರಿನ ಮನೆಯೂ ಕಾಣುತ್ತಿರಲಿಲ್ಲ.

ಮೇ 3, ಶನಿವಾರ. ಮಳವಳ್ಳಿ

ಊರಿಗೆ ಬಂದು ನಾಲ್ಕು ದಿನ. ಬೆಂಕಿಯಂಥ ಬಿಸಿಲು, ಕರೆಂಟು ಇಲ್ಲ. ಊರಿಗೆಲ್ಲ ಕರೆಂಟು ಕೊಡುವವನ ಮನೆಯಲ್ಲೇ ಬೀಸಣಿಗೆ. ರವಿಕೆ ಹೊಲಿಯಲು ಕೊಟ್ಟಿದ್ದವರು ಬಾಗಿಲಿಗೆ ಬಂದು ಬೈದು ಹೋದರು.

ಅವ್ವ ದಿನ ಗೊತ್ತುಮಾಡಿದ್ದಾಳೆ. ಮೇ ಹನ್ನೊಂದು, ಭಾನುವಾರ, ಇದೇ ಮನೆಯಲ್ಲಿ. ನನ್ನನ್ನು ಕೇಳಲಿಲ್ಲ, ದೀಪಿಕಳ ಅಪ್ಪನಿಗೆ ಫೋನು ಮಾಡಿ ತಿಳಿಸಿದಳು. ನನ್ನ ಮನೆ, ನನ್ನ ಮಗಳು, ನನಗೆ ಬಂದ ಸುದ್ದಿ ಏನೆಂದರೆ ಎಷ್ಟು ಜನಕ್ಕೆ ಮುದ್ದೆ ಬೇಕು ಎಂಬುದು.

ಮೇ 8, ಗುರುವಾರ

ಬೆಳಿಗ್ಗೆ ದೀಪಿಕಳ ಅಪ್ಪನ ಜೊತೆ ಜಗಳ. ಇದು ಬೇಡ, ನಿಲ್ಲಿಸಿ ಎಂದೆ. ಬರೀ ಮಾತು ತಾನೇ, ನಾಳೆ ಅವಳು ಬೇಡ ಎಂದರೆ ಯಾರು ಬಲವಂತ ಮಾಡುತ್ತಾರೆ ಎಂದ. ಹದಿನೆಂಟು ವರ್ಷದ ಹುಡುಗಿ ಇಷ್ಟು ಜನ ಹಿರಿಯರ ಎದುರು ನಿಂತು ಬೇಡ ಎನ್ನುತ್ತಾಳಾ? ನಾನು ಅಂದೆನಾ? ಅದನ್ನು ಬಾಯಿಬಿಟ್ಟೇ ಕೇಳಿದೆ: "ಮಾತೇ ಕಣ್ರೀ ಕಟ್ಟಾಕೋದು. ನನ್ನೂ ಅದ್ರಲ್ಲೇ ಕಟ್ಟಾಕಿದ್ದು."

ಅವನು ನನ್ನತ್ತ ತಿರುಗಿ, "ಇದೇನ್ ಒಸ್ದಾಗಿ ರೀ ಅಂತಿದ್ದೀಯ?" ಎಂದ.

ಅಷ್ಟು ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಅದೊಂದೇ. ಕತ್ತೆಗೆ ಕಸ್ತೂರಿ ಹಚ್ಚಿದ ಹಾಗೆ. ಕೋಪದಲ್ಲಿ ಯಾರು ಏನೆಂದು ಕರೆಯುತ್ತಾರೆ ಎಂದು ನೋಡಿಕೊಂಡು ಕೂರಲಾಗುತ್ತದಾ?

ದೀಪಿಕ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನನ್ನನ್ನು ಏನೂ ಕೇಳುವುದಿಲ್ಲ. ನಾನು ಏನಾದರೂ ಮಾಡುತ್ತೇನೆ ಎಂಬ ನಂಬಿಕೆಯೇ ಅವಳಿಗಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ.

ಮೇ 11, ಭಾನುವಾರ

ಎಲ್ಲ ಆದದ್ದು ಆದ ಹಾಗೇ ಬರೆದಿಡುತ್ತೇನೆ. ನಾಳೆ ಅವ್ವ ಇದನ್ನು ಬೇರೆ ಥರ ಹೇಳುತ್ತಾಳೆ.

ಹನ್ನೊಂದಕ್ಕೆ ದೊಡ್ಡಪ್ಪ ಬಂದರು. ಚಿಕ್ಕಬೋರಯ್ಯ ಎಂದರೆ ವರಸೆಯ ವಿಷಯದಲ್ಲಿ ಕೋರ್ಟು ಇದ್ದಂತೆ, ಅವರ ಮೇಲೆ ಅಪೀಲಿಲ್ಲ. ಹಿಂದಿನ ದಿನವೇ ಬಸ್ಸಿನಲ್ಲಿ ಬಂದಿದ್ದ ಸ್ವರೂಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದ. ಅವ್ವ ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ ಜೋಡಿಸಿ ನಡುಮನೆಯಲ್ಲಿಟ್ಟಳು. ಎಲ್ಲರೂ ಉಂಡ ಮೇಲೆ ಮಾತು ಆಡುವುದು, ಬಡಿಸುವುದು ದೀಪಿಕ. ಅದೂ ಅವ್ವನದೇ ಏರ್ಪಾಟು. ಹೊಸ ಲಂಗ ದಾವಣಿಯನ್ನೂ ತಂದಿದ್ದಳು. ದೀಪಿಕ ಸ್ಕೂಲಿನ ಚೂಡಿದಾರ್‌ನಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮುದ್ದೆಯ ತಟ್ಟೆ.

ದೊಡ್ಡಪ್ಪ ನನ್ನತ್ತ ತಿರುಗಿ, ಹೆತ್ತವಳು ನೀನು, ಮೊದಲು ಯಾರಿಗೆ ಇಡಬೇಕು ಹೇಳವ್ವ ಎಂದರು. ನಗುತ್ತಲೇ ಕೇಳಿದರು. ಎಲ್ಲರ ಮುಖದಲ್ಲೂ ಅದೇ ನಗು ತಯಾರಾಗಿ ಕೂತಿತ್ತು. ನಾನು ಮಗಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು, ಹೊಡೆತ ಬೀಳುವ ಮೊದಲು ಮಕ್ಕಳು ನೋಡುತ್ತಾರಲ್ಲ, ಹಾಗೆ.

"ದೀಪಿಕಾ, ನಿಮ್ಮಣ್ಣಂಗೆ ಮೊದ್ಲು ಇಕ್ಕವ್ವ" ಎಂದೆ.

ಅವ್ವ, ಯಾವ ಅಣ್ಣ ಎಂದಳು. ನಿಜವಾಗಿಯೂ ಅರ್ಥವಾಗದವಳಂತೆ ಬಾಗಿಲ ಕಡೆ ನೋಡಿದಳು, ಯಾರೋ ಬಂದರೇನೋ ಎಂದು.

"ಸ್ವರೂಪಣ್ಣ" ಎಂದೆ. "ಇವತ್ತಿಂದ ಅವ್ನು ಅಣ್ಣ. ಇಬ್ರು ಮಕ್ಳಿಗೂ."

ದೀಪಿಕ ತಲೆ ಎತ್ತಿದಳು. ನಡೆದುಹೋಗಿ ಅವನ ಮುಂದೆ ಬಗ್ಗಿ, ಅಣ್ಣ, ಮುದ್ದೆ ಎಂದಳು. ದನಿ ನಡುಗಲಿಲ್ಲ. ಆದರೆ ಕರೆದರೆ ಸಾಲದು, ಕರೆಸಿಕೊಂಡವನು ಓಗೊಡಬೇಕು. ಸ್ವರೂಪ ಅವ್ವನನ್ನು ನೋಡಿದ, ಅವ್ವನ ಕಣ್ಣು ಆಗಲೇ ತುಂಬಿತ್ತು. ನನ್ನನ್ನು ನೋಡಿದ. ಇವನು ಈಗಲೂ ಬಾಯಿ ಬಿಡದಿದ್ದರೆ ಆ ತಟ್ಟೆಯನ್ನೇ ಎತ್ತಿ ಇವನ ತಲೆಯ ಮೇಲೆ ಹಾಕುತ್ತೇನೆ ಎಂದುಕೊಂಡೆ.

"ಇಕ್ಕು ತಂಗಿ" ಎಂದ. ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ, "ಇನ್ನೊಂದಿಕ್ಕು ತಂಗಿ" ಎಂದ.

ದೀಪಿಕಳ ಅಪ್ಪ ಎದ್ದು ನಿಂತು ನನ್ನ ಮೇಲೆ ಕೂಗಾಡತೊಡಗಿದ. ದೊಡ್ಡಪ್ಪ ಕೈಯೆತ್ತಿ ಅವನನ್ನು ಕೂರಿಸಿದರು. ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನು ಮೆಲ್ಲಗೆ ಅವ್ವನ ಕಡೆಗೆ ಸರಿಸಿದರು.

"ಅಣ್ಣ ಅಂತ ಕರ್ದಾಯ್ತು, ತಂಗಿ ಅಂತ ಓಗೊಟ್ಟಾಯ್ತು. ಇನ್ನು ಈ ಎಲೆ ನಾನ್ ಮುಟ್ಟಕಿಲ್ಲ ಮಾಯಮ್ಮ. ವರ್ಸೆ ಅಂದ್ರೆ ವರ್ಸೆ."

ಅಷ್ಟು ಹೇಳಿ ಕೂತು ಎರಡು ಮುದ್ದೆ ಉಂಡು, ಸಾರು ಚೆನ್ನಾಗಿದೆ ಎಂದು ಹೇಳಿ, ಮೂರರ ಬಸ್ಸಿಗೆ ಹೋದರು.

ಮೇ 13, ಮಂಗಳವಾರ

ಅವ್ವ ಇವತ್ತು ಬೆಸಗರಹಳ್ಳಿಗೆ ಹೊರಟುಹೋದಳು. ತಮ್ಮನಿಗೆ ಗುಂಡಿ ತೋಡಿದವಳು ನೀನು, ನನ್ನ ಹೆಣಕ್ಕೂ ಬರಬೇಡ ಎಂದಳು. ಬರುತ್ತೇನೆ, ಬಂದು ಅಲ್ಲೂ ಜಗಳ ಆಡುತ್ತೇನೆ ಎಂದೆ. ಸ್ವರೂಪನಿಗೆ ಹೆಣ್ಣು ಹುಡುಕುವ ಕೆಲಸ ಇನ್ನು ನನ್ನ ತಲೆಗೇ ಬಂತು. ಹುಡುಕುತ್ತೇನೆ. ನಾಲ್ಕು ಊರು ಸುತ್ತಿ ಹುಡುಕುತ್ತೇನೆ. ನನ್ನ ಸಿಟ್ಟು ಇಳಿದಿಲ್ಲ, ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಸಂಜೆ ಮಿಷನ್ ತುಳಿಯುತ್ತಿದ್ದೆ. ಒಳಗಿನಿಂದ ದೀಪಿಕ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಒಂಬತ್ತನೇ ತರಗತಿಯ ಲೆಕ್ಕದ ಪುಸ್ತಕವನ್ನು ಯಾರದ್ದೋ ಇಸಿದುಕೊಂಡು ಬಂದಿದ್ದಾಳೆ. "ಮಾವ, ಈ ಎರಡ್ನೇ ಲೆಕ್ಕ ನಂಗ್ ಬತ್ತಾನೇ ಇಲ್ಲ ಮಾವ" ಎನ್ನುತ್ತಿದ್ದಳು. ಮೊದಲಿನ ಹಾಗೆ, ಜೋರಾಗಿ. ಅಣ್ಣ ಅನ್ನೇ, ಯಾರಾದರೂ ಕೇಳಿಸಿಕೊಂಡಾರು ಎಂದು ಕೂಗಲು ಹೋದೆ. ಆಮೇಲೆ ಸುಮ್ಮನೆ ಹೊಲಿದೆ. ಪಕ್ಕದಲ್ಲಿ ಆಡುತ್ತಿದ್ದ ರಂಜಿತ ಕೂಡ ನಗಲಿಲ್ಲ.

ಅವಳ ಅಪ್ಪ ಕೆಲಸದಿಂದ ಬಂದು ಜಗಲಿಯ ಮೇಲೆ ಕೂತಿದ್ದ. ಎರಡು ದಿನದಿಂದ ಮಾತಿಲ್ಲ. ಹೋಗಲಿ ಎಂದು ಊಟಕ್ಕೆ ಕರೆಯಲು ಬಾಗಿಲಿಗೆ ಹೋದೆ. ಅವನು ಬೆನ್ನು ಮಾಡಿ ಕೂತಿದ್ದ. ಬಾಯಿ ತೆರೆದೆ. ಏನೆಂದು ಕರೆಯುವುದೋ ತೋಚಲಿಲ್ಲ. ಚಿಲಕವನ್ನು ಎರಡು ಸಲ ಬಡಿದು ಒಳಗೆ ಬಂದೆ.